ಹಾಸನದ ನಮ್ಮ ಮಾಲ್‌ನಲ್ಲಿ ಹುಡುಗರ ಗಲಾಟೆ ನಿಂತದ್ದು ಹೀಗೆ: ನನ್ನ ಅನುಭವ

ಹೋದ ತಿಂಗಳು ನಮ್ಮ ಎರಡನೇ ಮಹಡಿಯ ಜ್ಯೂಸ್ ಅಂಗಡಿಯವರು ಬಾಡಿಗೆ ಕರಾರನ್ನು ಇನ್ನೂ ಮೂರು ವರ್ಷಕ್ಕೆ ಮಾಡಿಕೊಂಡರು. ಎರಡು ವರ್ಷದ ಹಿಂದೆ ಇದೇ ಮನುಷ್ಯ ನನ್ನ ಟೇಬಲ್ ಮುಂದೆ ಕೂತು, "ಈ ಹುಡುಗರ ಕಾಟ ತಪ್ಪಿಸಿ, ಇಲ್ಲ ಅಡ್ವಾನ್ಸ್ ವಾಪಸ್ ಕೊಡಿ" ಅಂದಿದ್ದರು. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತುಮಕೂರು, ಮಂಡ್ಯ, ಶಿವಮೊಗ್ಗದಲ್ಲಿ ನನ್ನ ಹಾಗೆ ಕಾಂಪ್ಲೆಕ್ಸ್ ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬಂದರೆ ಬರಲಿ.

ನಮ್ಮದು ದೊಡ್ಡ ಮಾಲ್ ಏನಲ್ಲ. ಬಿ.ಎಂ. ರಸ್ತೆಯ ಮೂರು ಮಹಡಿ ಕಾಂಪ್ಲೆಕ್ಸ್. ಎಸ್ಕಲೇಟರ್ ಇರುವುದಕ್ಕೆ ಜನ ಮಾಲ್ ಅನ್ನುತ್ತಾರೆ, ನಾವೂ ಬೇಡ ಅನ್ನಲಿಲ್ಲ. ಮೇಲೆ ಆರು ತಿಂಡಿ ಕೌಂಟರ್, ಒಂದು ಗೇಮ್ ಝೋನ್. ಮಧ್ಯಾಹ್ನ ಎರಡರಿಂದ ಐದೂವರೆಯವರೆಗೆ ಯೂನಿಫಾರ್ಮ್ ಹಾಕಿದ ಮಕ್ಕಳು ನೂರೈವತ್ತು, ಇನ್ನೂರು ಜನ. ಎಸ್ಕಲೇಟರ್‌ನಲ್ಲಿ ಉಲ್ಟಾ ಓಡುವುದು, ಮೆಟ್ಟಿಲ ಮೇಲೆ ಸಾಲಾಗಿ ಕೂರುವುದು, ರೀಲ್ಸ್, ಒಂದು ಫ್ರೂಟ್ ಸಲಾಡ್‌ಗೆ ಐದು ಚಮಚ. ನಿಮಗೆ ಗೊತ್ತಿರುವುದೇ. ಮಗು ಎತ್ತಿಕೊಂಡು ಬಂದ ಹೆಣ್ಣುಮಕ್ಕಳು ಮೆಟ್ಟಿಲ ಗುಂಪು ನೋಡಿ ಹಾಗೇ ವಾಪಸ್ ಹೋಗುತ್ತಿದ್ದರು. ಮೊದಲ ಮಹಡಿಯ ಚಪ್ಪಲಿ ಅಂಗಡಿಯವರು ಖಾಲಿ ಮಾಡಿಯೇ ಬಿಟ್ಟರು. ತಿಂಗಳಿಗೆ ಇಪ್ಪತ್ತೆಂಟು ಸಾವಿರ ಬಾಡಿಗೆ ಹೋಯಿತು.

ಯಜಮಾನರ ಮಗ ಅಮೆರಿಕದಲ್ಲಿದ್ದಾರೆ. ಅವರೇ ಫೋನ್ ಮಾಡಿ ಐಡಿಯಾ ಕೊಟ್ಟರು. ಮಿನೆಸೋಟದ ಮಾಲ್ ಆಫ್ ಅಮೆರಿಕದಲ್ಲಿ 1996ರಲ್ಲೇ ನಿಯಮ ತಂದಿದ್ದಾರಂತೆ. ಶುಕ್ರವಾರ, ಶನಿವಾರ ಸಂಜೆ 16 ವರ್ಷದೊಳಗಿನವರು ಬಂದರೆ ಜೊತೆಗೆ 21 ತುಂಬಿದವರು ಇರಬೇಕು ಅನ್ನುವುದು ಆಗಿನ ನಿಯಮ. ನಮ್ಮ ಯಜಮಾನರಿಗೆ ಅದು ಕಡಿಮೆ ಅನ್ನಿಸಿತು. 18ರೊಳಗಿನ ಯಾರೂ ದೊಡ್ಡವರಿಲ್ಲದೆ ಬರಬಾರದು, ವಾರದ ಏಳೂ ದಿನ, ಅಂದರು. 2024ರ ಜೂನ್‌ನಲ್ಲಿ ಬೋರ್ಡ್ ಹಾಕಿದೆವು. ಬೋರ್ಡಿಗೆ ಮೂರೂವರೆ ಸಾವಿರ. ಬಾಗಿಲಿಗೆ ಇನ್ನೊಬ್ಬ ಗಾರ್ಡ್, ತಿಂಗಳಿಗೆ ಹದಿನಾಲ್ಕು ಸಾವಿರ.

ಮೊದಲ ವಾರ ಶಾಂತಿ. ಎರಡನೇ ವಾರ ಮಾವಂದಿರು ಶುರುವಾದರು. ಹೊರಗೆ ನಿಂತ ಆಟೋದವರೊಬ್ಬರು ಒಂದೇ ಮಧ್ಯಾಹ್ನ ಐದು ಗುಂಪಿಗೆ ಮಾವ ಆಗಿದ್ದಾರೆ. ತಲೆಗೆ ಹತ್ತು ರೂಪಾಯಿ. ನಮ್ಮ ಹಳೇ ಗಾರ್ಡ್ ಮಿಲಿಟರಿಯಿಂದ ಬಂದವರು, ಎಲ್ಲರೂ ಸುಬೇದಾರ್ ಅಂತಲೇ ಕರೆಯುವುದು. ಅವರು ಹಿಡಿದದ್ದು ಹೇಗೆ ಅಂದರೆ, ಆಟೋದವರು "ಇವನು ನಮ್ಮಕ್ಕನ ಮಗ" ಅಂದರಂತೆ, ಹುಡುಗ "ಬನ್ನಿ ದೊಡ್ಡಪ್ಪ" ಅಂದನಂತೆ. ಅಕ್ಕನ ಮಗನಿಗೆ ದೊಡ್ಡಪ್ಪ ಎಲ್ಲಿಂದ ಆಗ್ತಾನೆ?

ನಗು ಬಂತು, ಆದರೆ ನಷ್ಟ ಜೋರಾಗಿತ್ತು. ಅಪ್ಪ ಕೊಟ್ಟು ಕಳಿಸಿದ ದುಡ್ಡಲ್ಲಿ ತಂಗಿಗೆ ಬಟ್ಟೆ ತರಲು ಬಂದ ಹುಡುಗನನ್ನೂ ವಾಪಸ್ ಕಳಿಸಿದೆವು. ಇಪ್ಪತ್ತು ದಾಟಿದ ಹುಡುಗಿಯೊಬ್ಬಳನ್ನು ಚಿಕ್ಕವಳು ಅಂತ ನಿಲ್ಲಿಸಿ ಅವರ ಮನೆಯವರಿಂದ ಬೈಸಿಕೊಂಡೆವು. ತಿಂಡಿ ಕೌಂಟರ್‌ಗಳ ವ್ಯಾಪಾರ ಅರ್ಧಕ್ಕೆ ಇಳಿಯಿತು. ಗುಂಪು ಕಾಟ ಕೊಡುತ್ತೆ ಅಂತ ದೂರಿದವರೇ ಈಗ ಗುಂಪು ಇಲ್ಲ ಅಂತ ದೂರು ತಂದರು. ಅಷ್ಟರಲ್ಲಿ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಅಂತ ದೊಡ್ಡ ಗಲಾಟೆಯಾಗಿ ಆ ಮಾಲ್‌ಗೆ ಬೀಗ ಬಿತ್ತಲ್ಲ, ಅದನ್ನು ಟಿವಿಯಲ್ಲಿ ನೋಡಿದ ನಮ್ಮ ಯಜಮಾನರು ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. "ನಾಳೆ ಬೆಳಗ್ಗೆ ಆ ಬೋರ್ಡ್ ಇರಬಾರದು." ಇರಲಿಲ್ಲ.

ಆಮೇಲೆ ಮಾಡಿದ ಪ್ರಯೋಗಗಳಲ್ಲಿ ಎರಡು ಹೇಳುತ್ತೇನೆ. ಒಂದು, ಐವತ್ತು ರೂಪಾಯಿ ಕೂಪನ್. ಯೂನಿಫಾರ್ಮ್‌ನಲ್ಲಿ ಬಂದವರು ಬಾಗಿಲಲ್ಲಿ ಐವತ್ತು ಕೊಡಬೇಕು, ಒಳಗೆ ಯಾವ ಕೌಂಟರ್‌ನಲ್ಲಾದರೂ ತಿನ್ನಬಹುದು. ಕಾಗದದ ಮೇಲೆ ಚೆನ್ನಾಗಿತ್ತು. ಹುಡುಗರು ಶರ್ಟ್ ಮೇಲೆ ಟೀ ಶರ್ಟ್ ಹಾಕಿಕೊಂಡು ಬಂದರು. ಕೆಲವರು ಒಳಗೆ ಕೂತು ಕೂಪನ್ನನ್ನು ನಲವತ್ತಕ್ಕೆ ಮಾರಿದರು. ಇಂಥ ತಲೆ ಅಕೌಂಟೆನ್ಸಿ ಪೇಪರ್‌ನಲ್ಲೂ ಓಡಲಿ ಅಂತ ಹಾರೈಸಿದೆ.

ಎರಡನೆಯದು ಕಿವಿಗೆ ಸಂಬಂಧಿಸಿದ್ದು. ಹೋವರ್ಡ್ ಸ್ಟೇಪಲ್ಟನ್ ಅನ್ನುವವರು 2005ರಲ್ಲಿ ವೇಲ್ಸ್‌ನಲ್ಲಿ ಮಾಸ್ಕಿಟೋ ಅಂತ ಒಂದು ಯಂತ್ರ ತಂದರು. ಸುಮಾರು 17 ಕಿಲೋಹರ್ಟ್ಸ್‌ನ ಕೀರಲು ಸದ್ದು ಮಾಡುತ್ತೆ. ವಯಸ್ಸಾದ ಹಾಗೆ ಕಿವಿ ಅಷ್ಟು ಮೇಲಿನ ಸದ್ದು ಹಿಡಿಯಲ್ಲ, ಎಳೆಯರಿಗೆ ಮಾತ್ರ ಕೇಳುತ್ತೆ. ಆನ್‌ಲೈನ್‌ನಲ್ಲಿ ಅದೇ ಥರದ್ದೊಂದು ಸಿಕ್ಕಿತು, ನಾಲ್ಕು ಸಾವಿರ ಚಿಲ್ಲರೆ. ಮೆಟ್ಟಿಲ ಪಕ್ಕ ಹಾಕಿಸಿದೆ. ನನಗೆ ಏನೂ ಕೇಳಲಿಲ್ಲ, ಸುಬೇದಾರರಿಗೂ ಇಲ್ಲ. ಮಾರನೇ ದಿನ ಸೀರೆ ಅಂಗಡಿಯ ಸೇಲ್ಸ್ ಹುಡುಗಿಯರು ತಲೆನೋವು ಅಂತ ಕೂತರು. ಎಲ್ಲರಿಗೂ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ತೊಡೆ ಮೇಲಿನ ಕೂಸೊಂದು ಅತ್ತಿದ್ದು ನಿಲ್ಲಿಸಲೇ ಇಲ್ಲ. ಮೂರೇ ದಿನಕ್ಕೆ ತೆಗೆಸಿದೆ. ಮಕ್ಕಳಿರುವ ಕಡೆ ಇಂಥದ್ದು ಹಾಕುವುದು ತಪ್ಪು, ನನಗೇ ನಾಚಿಕೆಯಾಯಿತು. ಈಗಲೂ ಸ್ಟೋರ್ ರೂಮಿನಲ್ಲಿ ಬಿದ್ದಿದೆ, ಯಾರೂ ಕೇಳಬೇಡಿ, ಕೊಡಲ್ಲ.

ದಾರಿ ತಿರುಗಿದ್ದು ಒಂದು ಬೈಗುಳದ ಫೋನ್‌ನಿಂದ. ಮೆಟ್ಟಿಲ ಮೇಲೆ ದಿನಾ ಕೂರುತ್ತಿದ್ದ ಹುಡುಗಿಯೊಬ್ಬಳ ತಾಯಿಗೆ ನಾನೇ ಫೋನ್ ಮಾಡಿ, "ನಿಮ್ಮ ಮಗಳು ಎಲ್ಲಿರ್ತಾಳೆ ಗೊತ್ತೇನಮ್ಮಾ?" ಅಂದೆ. ಆಯಮ್ಮ, "ಗೊತ್ತು ಸಾರ್, ನಾನೇ ಅಲ್ಲಿ ಕೂರು ಅಂದಿರೋದು. ಬಸ್ಸಿಗೆ ಇನ್ನೂ ಮೂರು ಗಂಟೆ ಇರುತ್ತೆ. ಹೆಣ್ಣುಹುಡುಗಿ ರಸ್ತೆಲಿ ನಿಂತ್ಕೊಳ್ಳಬೇಕಾ? ನಿಮ್ಮಲ್ಲಿ ಲೈಟಿದೆ, ಕ್ಯಾಮೆರಾ ಇದೆ" ಅಂದರು.

ನನಗೆ ಮಾತೇ ಬರಲಿಲ್ಲ. ಅವತ್ತು ಸುಬೇದಾರರ ಕೈಗೆ ನೋಟ್‌ಬುಕ್ ಕೊಟ್ಟೆ. ಯಾರನ್ನೂ ಬೈಯಬೇಡಿ, ಯಾವ ಊರು, ಎಷ್ಟು ಗಂಟೆ ಬಸ್ಸು ಅಂತ ಅಷ್ಟೇ ಕೇಳಿ ಅಂದೆ. ಮೂರು ದಿನ ಬರೆದರು. ನೂರು ಮಕ್ಕಳಲ್ಲಿ ಅರವತ್ತು, ಎಪ್ಪತ್ತು ಜನ ಹಾಸನದವರೇ ಅಲ್ಲ. ಅರಕಲಗೂಡು ಕಡೆ, ಗೊರೂರು ಕಡೆ, ಆಲೂರು, ದುದ್ದ, ಹೊಳೆನರಸೀಪುರ ದಾರಿ. ಕ್ಲಾಸ್ ಮುಗಿಯುವುದು ಒಂದೂವರೆ, ಎರಡಕ್ಕೆ. ತಮ್ಮೂರಿನ ತನಕ ಹೋಗುವ ಬಸ್ಸು ನಾಲ್ಕೂವರೆ, ಐದಕ್ಕೆ. ಅವರು ಮಾಲ್‌ಗೆ ಬಂದಿರಲಿಲ್ಲ. ಬಸ್ ಕಾಯುತ್ತಿದ್ದರು. ಅಮೆರಿಕದ ನಿಯಮ ನಮ್ಮಲ್ಲಿ ಬಿದ್ದುಹೋದದ್ದು ಇದಕ್ಕೇ. ಅದು ಸಂಜೆ ಸುತ್ತಲು ಬರುವವರಿಗೆ ಮಾಡಿದ್ದು, ನಮ್ಮ ಗುಂಪು ಮನೆಗೆ ಹೊರಟು ನಿಂತದ್ದು.

ನೆಲಮಹಡಿಯಲ್ಲಿ ಹಿಂಬಾಗಿಲ ಪಕ್ಕ ಒಂದು ಮಳಿಗೆ ಖಾಲಿ ಬಿದ್ದಿತ್ತು. ನಡುವೆ ಕಂಬ ಇರುವುದಕ್ಕೆ ಹದಿನಾಲ್ಕು ತಿಂಗಳಿಂದ ಯಾರೂ ತಗೊಂಡಿರಲಿಲ್ಲ. ಅದನ್ನು ಕೇಳಿದೆ. ಯಜಮಾನರು "ನಿಂಗೇನ್ ತಲೆ ಕೆಟ್ಟಿದೆಯಾ? ಓಡಿಸು ಅಂದ್ರೆ ಮನೆ ಕಟ್ಟಿ ಕೊಡ್ತೀನಿ ಅಂತೀಯಲ್ಲ" ಅಂದರು. ಅಂಗಡಿಯವರ ಮೀಟಿಂಗ್‌ನಲ್ಲಿ ನಕ್ಕರು. ಚಿಕ್ಕಮಗಳೂರಿನಲ್ಲಿ ಇದೇ ಥರದ ಕಾಂಪ್ಲೆಕ್ಸ್ ನೋಡಿಕೊಳ್ಳುವ ಸ್ನೇಹಿತರೊಬ್ಬರು, "ಬೆಲ್ಲ ಇಟ್ಟು ಇರುವೆ ಓಡಿಸೋಕೆ ಹೊರಟಿದ್ದೀರಿ" ಅಂದರು. ಆರು ತಿಂಗಳು ನೋಡೋಣ, ಆಗದಿದ್ದರೆ ಖರ್ಚು ನನ್ನ ಸಂಬಳದಲ್ಲಿ ಹಿಡೀರಿ ಅಂದೆ. ಮನೆಯಲ್ಲಿ ಇವತ್ತಿಗೂ ಇದನ್ನು ಹೇಳಿಲ್ಲ.

ಆರು ಬೆಂಚು, ಎರಡು ಫ್ಯಾನ್, ನೀರಿನ ಫಿಲ್ಟರ್, ಬಣ್ಣ. ಎಲ್ಲ ಸೇರಿ ಮೂವತ್ತೆಂಟು ಸಾವಿರದ ಹತ್ತಿರ. ಚಾರ್ಜಿಂಗ್ ಪಾಯಿಂಟ್ ನಾಲ್ಕೇ. ಜಾಸ್ತಿ ಕೊಟ್ಟರೆ ಎದ್ದೇ ಹೋಗಲ್ಲ. ಗೋಡೆ ಮೇಲೆ ದಿಕ್ಕಿನ ಪ್ರಕಾರ ಬಸ್ ಟೈಮ್. ಫ್ಲೆಕ್ಸ್ ಮಾಡಿಸಬೇಡಿ, ಕಪ್ಪು ಹಲಗೆ, ಸೀಮೆಸುಣ್ಣ. ಟೈಮ್ ಬದಲಾಗುತ್ತಿರುತ್ತೆ. ನಾನು ಮೊದಲು ಫ್ಲೆಕ್ಸ್ ಮಾಡಿಸಿ ಒಂಬೈನೂರು ಕಳೆದುಕೊಂಡೆ. ಬಸ್ಸಿಗೆ ಇಪ್ಪತ್ತೈದು ನಿಮಿಷ ಇರುವಾಗ ಸುಬೇದಾರರು ಕಂಡಕ್ಟರ್ ಥರ ಕೂಗುತ್ತಾರೆ: "ಯಾರ್ರೀ ಕೊಣನೂರು, ಅರಕಲಗೂಡು!" ಮೊದಲ ದಿನ ಹುಡುಗರು ಶಿಳ್ಳೆ ಹೊಡೆದರು. ವಾರದಲ್ಲಿ ಕೂಗುವ ಮೊದಲೇ ಬ್ಯಾಗ್ ಹೆಗಲಿಗೆ ಬರುತ್ತಿತ್ತು.

ಇದರ ಜೊತೆಗೇ ನಿಯಮ. ಬರೀ ಬೆಂಚು ಕೊಟ್ಟಿದ್ದರೆ ಸ್ನೇಹಿತರು ಹೇಳಿದ ಹಾಗೇ ಆಗುತ್ತಿತ್ತು. ಸಂಜೆ ಆರರ ಮೇಲೆ, ಶನಿವಾರ ಭಾನುವಾರ ನಾಲ್ಕರ ಮೇಲೆ, 16ರೊಳಗಿನವರಿಗೆ ದೊಡ್ಡವರು ಜೊತೆಗೆ ಬೇಕೇ ಬೇಕು. ಉಳಿದ ಹೊತ್ತಲ್ಲಿ ನಾವು ಮಾಡಿಕೊಡುವ ಕಾರ್ಡ್ ಇದ್ದರೆ ಸಾಕು. ಮೇಲಿನ ಮಹಡಿಗೆ ಒಂದು ಗುಂಪಿನಲ್ಲಿ ನಾಲ್ಕೇ ಜನ. ದೊಡ್ಡವರು ಅಂದರೆ 21 ಅಂತ ಇಟ್ಟಿದ್ದೆ, ನಡೆಯಲಿಲ್ಲ. ನಮ್ಮೂರಲ್ಲಿ ಹದಿನೆಂಟರ ಅಕ್ಕ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬರುತ್ತಾಳೆ, ಅವಳಿಗಿಂತ ಜವಾಬ್ದಾರಿ ಇರುವವರು ಯಾರು? 18ಕ್ಕೆ ಇಳಿಸಿದೆ. ಒಬ್ಬ ದೊಡ್ಡವರಿಗೆ ನಾಲ್ಕು ಮಕ್ಕಳು ಅನ್ನುವುದು ಆಮೇಲೆ ಸೇರಿದ್ದು. ಒಂದು ಭಾನುವಾರ ಟ್ಯೂಷನ್ ಮೇಷ್ಟ್ರೊಬ್ಬರು ಹದಿನೇಳು ಮಕ್ಕಳ ಜೊತೆ ಗೇಮ್ ಝೋನ್‌ಗೆ ಬಂದರು, ಎಲ್ಲ ನನ್ನ ಜವಾಬ್ದಾರಿ ಅಂದರು.

ಕಾರ್ಡ್ ಮಾಡಿಸುವುದು ಒಂದೇ ಸಲ. ಬಸ್ ಪಾಸ್ ತೋರಿಸಿದರೆ ಮುಗಿಯಿತು, ಅದರಲ್ಲಿ ಫೋಟೋ, ಕಾಲೇಜು, ಊರು ಎಲ್ಲ ಇರುತ್ತೆ. ಹುಡುಗಿಯರಲ್ಲಿ ತುಂಬಾ ಜನರ ಹತ್ತಿರ ಪಾಸ್ ಇರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೇ ಇಲ್ಲವಲ್ಲ, ಪಾಸ್ ಯಾಕೆ? ಅವರಿಗೆ ಕಾಲೇಜ್ ಐಡಿ. ಆಮೇಲೆ ನಮ್ಮ ಮುಂದೆಯೇ ಮನೆಗೆ ಒಂದು ಫೋನ್. ಅಮ್ಮನಿಗೆ ಮಾಡಿ, ಅಪ್ಪನಿಗಲ್ಲ. ಅಪ್ಪಂದಿರು "ಓಡಿಸ್ರೀ ಸಾರ್" ಅಂತ ಇಟ್ಟುಬಿಡುತ್ತಾರೆ. ಅಮ್ಮಂದಿರು ಬಸ್ ಟೈಮ್ ಸಮೇತ ಹೇಳುತ್ತಾರೆ. ಗಲಾಟೆ ಮಾಡಿದರೆ ಕಾರ್ಡ್ ಹದಿನೈದು ದಿನ ನಮ್ಮ ಹತ್ತಿರ. ಕಾರ್ಡಿಗೆ ಆರು ರೂಪಾಯಿ ಬೀಳುತ್ತೆ, ಇಪ್ಪತ್ತು ತಗೊಳ್ಳುತ್ತೇವೆ. ಪುಕ್ಕಟೆ ಕೊಟ್ಟ ಮೊದಲ ನೂರು ಕಾರ್ಡಲ್ಲಿ ಮೂವತ್ತು ವಾರದಲ್ಲೇ ಕಳೆದುಹೋದವು.

ಒಂದು ದೊಡ್ಡ ತಪ್ಪು ನನ್ನದೇ, ಮುಚ್ಚಿಡುವುದಿಲ್ಲ. ಶುರುವಿನಲ್ಲಿ ಮಕ್ಕಳ ನಂಬರ್ ಒಂದು ರಿಜಿಸ್ಟರ್‌ನಲ್ಲಿ ಬರೆಸುತ್ತಿದ್ದೆ. ಹೊಸದಾಗಿ ಸೇರಿದ ಗಾರ್ಡ್ ಹುಡುಗ ಅದರಿಂದ ಒಂದು ಹುಡುಗಿಯ ನಂಬರ್ ತೆಗೆದು ರಾತ್ರಿ ಮೆಸೇಜ್ ಹಾಕಿದ. ಅವಳ ಅಣ್ಣ ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದ. ಗಾರ್ಡನ್ನು ಅವತ್ತೇ ಕಳಿಸಿದೆ, ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ, ರಿಜಿಸ್ಟರ್ ಸುಟ್ಟೆ. ಈಗ ಮಗುವಿನ ಫೋನ್‌ನಿಂದಲೇ ಅಮ್ಮನಿಗೆ ಕರೆ, ನಾವು ಮಾತಾಡಿ ಫೋನ್ ವಾಪಸ್ ಕೊಡುತ್ತೇವೆ. ಯಾರ ನಂಬರೂ ನಮ್ಮ ಹತ್ತಿರ ಇಲ್ಲ. ನೀವು ಏನೇ ಬಿಟ್ಟರೂ ಇದನ್ನು ಬಿಡಬೇಡಿ. ಹಾಗೇ, ಹುಡುಗ ಹುಡುಗಿ ಒಟ್ಟಿಗೆ ಕೂತಿದ್ದಾರೆ ಅಂತ ಫೋಟೋ ಹೊಡೆಯಲು ಬಂದ ದೊಡ್ಡವರನ್ನೂ ಎರಡು ಸಲ ಹೊರಗೆ ಕಳಿಸಿದ್ದೇನೆ. ನಿಯಮ ಅವರಿಗೂ ಇದೆ.

ಶುರು ಮಾಡಿದ್ದು 2025ರ ಜನವರಿ. ಮಾರ್ಚ್‌ಗೆ ಮೆಟ್ಟಿಲು ಖಾಲಿ ಹೊಡೆಯಿತು. ಗೆದ್ದೆ ಅಂತ ಅಂಗಡಿಯವರಿಗೆಲ್ಲ ಮೈಸೂರ್ ಪಾಕ್ ಹಂಚಿದೆ. ಸುಬೇದಾರರು ಪಾಕ್ ಬಾಯಿಗೆ ಹಾಕಿಕೊಂಡು, "ಸಾರ್, ಪಿಯುಸಿ ಪರೀಕ್ಷೆ ನಡೀತಿದೆ" ಅಂದರು. ನಿಜವಾದ ಪರೀಕ್ಷೆ ನನಗೆ ಜೂನ್‌ನಲ್ಲಿತ್ತು. ಹೊಸ ಬ್ಯಾಚ್ ಬಂತು, ಮೊದಲ ಹತ್ತು ದಿನ ಸಂತೆ. ಆಮೇಲೆ ಹಳೇ ಮಕ್ಕಳೇ ಹೊಸಬರಿಗೆ ಕಾರ್ಡ್ ಮಾಡಿಸಿಕೋ ಅಂತ ಕರೆದುಕೊಂಡು ಬರತೊಡಗಿದರು.

ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಮಾತ್ರ ಯಾವ ನಿಯಮವೂ ಇಲ್ಲ. ಆಗ ಊರಿಗೆ ಊರೇ ತುಂಬಿರುತ್ತೆ, ಹೊರಗಿನಿಂದ ಬಂದವರು ಟಾಯ್ಲೆಟ್ ಕೇಳಿಕೊಂಡು ಬರುತ್ತಾರೆ. ಯಾರ ಮಗು ಯಾರ ಜೊತೆ ಅಂತ ನೋಡುವುದು ಆಗದ ಮಾತು. ಬೆಂಚಿನ ಮನೆಯನ್ನು ಬಾಣಂತಿಯರಿಗೆ ಬಿಡುತ್ತೇವೆ.

ಬೇಸ್‌ಮೆಂಟ್‌ನ ಸ್ಕೂಟರ್ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಲೈಸೆನ್ಸ್ ಇಲ್ಲದವರ ಗಾಡಿ ಬಿಡಲ್ಲ ಅಂದೆ, ಪಕ್ಕದವರ ಗೇಟ್ ಮುಂದೆ ನಿಲ್ಲಿಸಿದರು. ಈಗ ಪಾರ್ಕಿಂಗ್ ಚೀಟಿಯ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿದ್ದೇನೆ: 18 ಆಗದವರು ಓಡಿಸಿದರೆ ಪೋಷಕರಿಗೆ 25,000 ದಂಡ. 2019ರ ತಿದ್ದುಪಡಿಯಲ್ಲಿ ಬಂದ ಕಾನೂನು ಅದು, ಜೈಲೂ ಇದೆ. ಚೀಟಿ ಜೇಬಿನಲ್ಲಿ ಉಳಿದು ಬಟ್ಟೆ ಒಗೆಯುವಾಗ ಅಮ್ಮನ ಕೈಗೆ ಸಿಗುತ್ತೆ. ಗಾಡಿ ಅರ್ಧದಷ್ಟು ಕಡಿಮೆಯಾಗಿವೆ.

ಲೆಕ್ಕ ಹೇಳಬೇಕಂದರೆ, ತಿಂಡಿ ಕೌಂಟರ್‌ಗಳ ಮಧ್ಯಾಹ್ನದ ವ್ಯಾಪಾರ ಬೋರ್ಡ್ ಹಾಕುವ ಮುಂಚೆಗಿಂತ ಕಾಲು ಭಾಗ ಜಾಸ್ತಿ ಇದೆ. ಚಪ್ಪಲಿ ಅಂಗಡಿಯ ಜಾಗಕ್ಕೆ ಮೂವತ್ತೊಂದು ಸಾವಿರಕ್ಕೆ ಬೇರೆಯವರು ಬಂದರು. ಕಂಬದ ಮಳಿಗೆಯ ಬಾಡಿಗೆ ಕೇಳುವುದನ್ನು ಯಜಮಾನರು ಬಿಟ್ಟಿದ್ದಾರೆ. ನನ್ನ ಸಂಬಳ ಹಾಗೇ ಇದೆ, ಹಿಡಿಯಲೂ ಇಲ್ಲ, ಏರಿಸಲೂ ಇಲ್ಲ.

ಗುಂಪು ಜಗಳಕ್ಕೆ ನಿಂತಾಗ ಸುಬೇದಾರರು ಮೊದಲು ಯಾರನ್ನು ಪಕ್ಕಕ್ಕೆ ಕರೆಯುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹುಡುಗರೂ ಓದುತ್ತಾರೆ. ಕಾರ್ಡಿನ ಹಿಂಭಾಗದಲ್ಲಿ ಏನಿದೆ ಅನ್ನುವುದೂ ಅಷ್ಟೇ. ಬೆಲ್ಲ, ಇರುವೆ ಅಂದಿದ್ದ ಚಿಕ್ಕಮಗಳೂರಿನ ಸ್ನೇಹಿತರು ಹೋದ ವಾರ ಕಾರ್ಡಿನ ಫೋಟೋ ಕೇಳಿದರು. ಮುಂಭಾಗದ್ದು ಕಳಿಸಿದೆ. ಹಿಂಭಾಗ ನೋಡಬೇಕಾದರೆ ಒಂದು ಕೆಜಿ ಕಾಫಿಪುಡಿ ತಗೊಂಡು ಹಾಸನಕ್ಕೆ ಬನ್ನಿ ಅಂದಿದ್ದೇನೆ, ಚಿಕೋರಿ ಬೆರೆಸದೇ ಇರೋದು.