ಡಂಕ್ಲಿಯೋಸ್ಟಿಯಸ್ ತಲೆ ನಾನು ಕಟ್ಟಿದ ಬಗೆ

ಕಾರವಾರದ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಡಂಕ್ಲಿಯೋಸ್ಟಿಯಸ್ ಎಂಬ ಪುರಾತನ ಕವಚದ ಮೀನಿನ ಮಾದರಿ ಮಾಡುವುದು ಎಂದಾಯಿತು. ತಲೆ ಮತ್ತು ಎದೆಯ ಕವಚ ಮಾತ್ರ ಕಟ್ಟುವುದು, ಹಿಂದಿನ ಮೈ ಬೇಡ ಅಂತ ಆಗಲೇ ಗಟ್ಟಿ ಮಾಡಿಕೊಂಡೆ. ಸುಮಾರು 36 ಕೋಟಿ ವರ್ಷಗಳ ಹಿಂದಿನ ಈ ಮೀನಿನಲ್ಲಿ ಕಲ್ಲಾಗಿ ಉಳಿದಿರುವುದು ಹೆಚ್ಚುಕಮ್ಮಿ ಆ ಮೂಳೆ ಫಲಕಗಳೇ. 1867ರಲ್ಲಿ ಅಮೆರಿಕದ ಈರೀ ಸರೋವರದ ದಂಡೆಯಲ್ಲಿ ಜೇ ಟೆರೆಲ್ ಎಂಬವರಿಗೆ ಸಿಕ್ಕಿದ್ದೂ ಅಂಥವೇ. ಇಲ್ಲದ್ದನ್ನು ಸುಮ್ನೆ ಊಹಿಸಿ ಕಟ್ಟಲು ನನಗೆ ಮನಸ್ಸಿಲ್ಲ.

ಬಿದಿರಿನ ಹಂದರ, ಮೇಲೆ ದಪ್ಪ ರಟ್ಟು, ಅದರ ಮೇಲೆ ಮೈದಾ ಅಂಟಿನಲ್ಲಿ ಹಳೇ ಪೇಪರು. ನಮ್ಮ ಕಡೆಯ ಥಂಡಿಗೆ ಬೂಷ್ಟು ಬೇಗ ಹಿಡಿಯುತ್ತದೆ, ಹಾಗಾಗಿ ಅಂಟಿಗೆ ಚೂರು ಮೈಲುತುತ್ತ ಬೇಕು. ಅದು ವಿಷ. ಮಕ್ಕಳ ಕೈಗೆ ಕೊಡದೆ ನಾನೇ ಕಲಸಿದೆ.

ಜಾಸ್ತಿ ಹೊತ್ತು ಹಿಡಿದದ್ದು ಬಾಯಿ. ಈ ಮೀನು ಬಾಯಿ ತೆರೆಯುವಾಗ ಕೆಳದವಡೆ ಇಳಿಯುವುದಷ್ಟೇ ಅಲ್ಲ, ತಲೆಯೂ ಮೇಲೇಳುತ್ತಿತ್ತು. ತಲೆ ಕವಚ ಮತ್ತು ಎದೆ ಕವಚದ ನಡುವೆ ಎರಡೂ ಬದಿಗೆ ಕೀಲಿದೆ. ಅಲ್ಲಿ ಬಾಗಿಲಿನ ಬಿಜಾಗರಿ ಹಾಕಿದೆ. ಎರಡರ ಕಡ್ಡಿಯೂ ಒಂದೇ ಗೆರೆಗೆ ಬರಬೇಕು, ಇಲ್ಲದಿದ್ದರೆ ತಲೆ ಏಳುವುದೇ ಇಲ್ಲ. ದವಡೆಯ ಮುಂತುದಿಯಿಂದ ಎದೆ ಕವಚದ ಅಡಿಗೆ ಬಲೆಯ ನೈಲಾನ್ ಹಗ್ಗ ಬಿಗಿದೆ. ಅದು ಸ್ನಾಯುವಿನ ಜಾಗದಲ್ಲಿ. ಈಗ ತಲೆ ಎತ್ತಿದರೆ ಸಾಕು, ದವಡೆ ತಾನಾಗಿ ಇಳಿಯುತ್ತದೆ! 2007ರಲ್ಲಿ ಆಂಡರ್ಸನ್ ಮತ್ತು ವೆಸ್ಟ್‌ನೀಟ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದಂತೆ, ಮೀನು ಇದನ್ನು ಸೆಕೆಂಡಿನ ಐವತ್ತನೇ ಒಂದು ಪಾಲಿನಲ್ಲಿ ಮುಗಿಸುತ್ತಿತ್ತು. ಆ ರಭಸಕ್ಕೆ ನೀರಿನ ಜೊತೆ ಬೇಟೆಯೂ ಒಳಗೆ ಬರುತ್ತಿತ್ತು.

ನಮ್ಮ ಇಸ್ವಾಣ ಮೀನಿನ ಬಾಯಲ್ಲಿ ಹಲ್ಲಿನ ಸಾಲಿದೆ ಅಲ್ವಾ, ಇದಕ್ಕೆ ಹಲ್ಲೇ ಇಲ್ಲ. ದವಡೆಯ ಮೂಳೆಯೇ ಅಡಕತ್ತರಿಯ ಅಲಗಿನ ಹಾಗೆ. ಮೇಲಿನದು, ಕೆಳಗಿನದು ಒಂದಕ್ಕೊಂದು ಉಜ್ಜಿ ಹರಿತವಾಗುತ್ತಿದ್ದವು. ನಾನು ಪ್ಲೈವುಡ್‌ನಲ್ಲಿ ಕೊಯ್ದು, ಉಪ್ಪುಕಾಗದ ಹಾಕಿ ಅಂಚು ಮೊಂಡು ಮಾಡಿದೆ. ಮಕ್ಕಳು ಬೆರಳು ತೂರಿಸಿಯೇ ತೂರಿಸುತ್ತಾರೆ.

ಮೈಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಹಿಂದೆಲ್ಲ ಎಂಟು ಮೀಟರ್‌ಗೂ ಜಾಸ್ತಿ ಎನ್ನುತ್ತಿದ್ದರು. 2023ರಲ್ಲಿ ಸಂಶೋಧಕ ರಸೆಲ್ ಎಂಗಲ್‌ಮನ್ ಅಳತೆಗಳನ್ನು ಮತ್ತೆ ನೋಡಿ, ದೊಡ್ಡ ಮೀನೂ ಸುಮಾರು 4 ಮೀಟರ್ ಅಷ್ಟೇ ಎಂದರು. ಎರಡೂ ಗೆರೆ ಎಳೆದು, ತಲೆಯನ್ನು ಗಿಡ್ಡ ಗೆರೆಯ ತುದಿಗೆ ಇಟ್ಟೆ. ನೀವೂ ಮಾಡುವುದಾದರೆ ಹೊಟ್ಟೆಯ ಗೆರೆಯನ್ನು ಉರುಟಾಗಿ ಎಳೆಯಿರಿ. ಉದ್ದ ಕಡಿಮೆಯಾದರೂ ಮೈ ಚೆನ್ನಾಗಿ ತುಂಬಿಕೊಂಡ ಮೀನಿದು.