ನಮ್ಮ ವ್ಯಸನಮುಕ್ತಿ ಕೇಂದ್ರಕ್ಕೆ ಸರ್ಕಾರದ ನೋಂದಣಿ ಮಾಡಿಸಿದ ಬಗೆ

ಕುಡಿತ, ಗಾಂಜಾ, ಮಾತ್ರೆ ಚಟ ಬಿಡಿಸುವ ಕೇಂದ್ರ ನಡೆಸುವವರು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. 'ನಮ್ಮದು ಆಸ್ಪತ್ರೆ ಅಲ್ಲ, ಟ್ರಸ್ಟು. ನಮಗೂ ನೋಂದಣಿ ಬೇಕಾ?'

ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅಂದರೇನು ಎಂದು ಹೇಳುವ ಕಡೆಯೇ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಸೇರಿಸಿದ್ದಾರೆ. ಅಂಥವರನ್ನು ಇರಿಸಿಕೊಂಡು ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವ ಜಾಗ ಯಾವುದೇ ಇರಲಿ, ಅದು ಮಾನಸಿಕ ಆರೋಗ್ಯ ಸಂಸ್ಥೆಯೇ. ಆಯುರ್ವೇದದ್ದಾದರೂ ಅಷ್ಟೇ, ಯೋಗದ್ದಾದರೂ ಅಷ್ಟೇ. ನಿಮ್ಮ ಬೋರ್ಡಿನ ಮೇಲೆ 'ಆಶ್ರಮ' ಅಂತ ಬರೆದಿದ್ದರೂ ಕಾನೂನು ಬದಲಾಗುವುದಿಲ್ಲ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿವರೆಗೆ ದಂಡ. ಎರಡನೇ ಸಲ 2 ಲಕ್ಷದವರೆಗೆ, ಆಮೇಲೆ 5 ಲಕ್ಷದವರೆಗೆ. ನೋಂದಣಿ ಇಲ್ಲ ಅಂತ ಗೊತ್ತಿದ್ದೂ ಅಲ್ಲಿ ಕೆಲಸ ಮಾಡುವ ಮಾನಸಿಕ ಆರೋಗ್ಯ ವೃತ್ತಿಪರರಿಗೂ 25,000ದವರೆಗೆ ದಂಡ ಇದೆ. ಈ ಕೊನೆಯ ಮಾತು ತುಂಬಾ ಜನಕ್ಕೆ ಗೊತ್ತಿಲ್ಲ.

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ಎಂ.ಫಿಲ್ ಮುಗಿಸಿ ಕೆಲವು ವರ್ಷ ಆಸ್ಪತ್ರೆಯಲ್ಲಿದ್ದು, ಆಮೇಲೆ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿರುವ ಸಣ್ಣ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದೆ. ಟ್ರಸ್ಟಿನವರು ಒಳ್ಳೆಯ ಜನ. ಕುಡಿತ ಬಿಟ್ಟು ವರ್ಷಗಳಾದವರೇ ಸೇರಿ ಕಟ್ಟಿದ ಕೇಂದ್ರ ಅದು. ಊಟ ಚೆನ್ನಾಗಿತ್ತು, ಬೆಳಗ್ಗೆ ಯೋಗ, ಸಂಜೆ ಸಭೆ ಎಲ್ಲ ನಡೆಯುತ್ತಿತ್ತು. ನೋಂದಣಿ ಮಾತ್ರ ಇರಲಿಲ್ಲ. ಅದನ್ನು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಅರ್ಜಿ ಹೋಗಬೇಕಾದದ್ದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ನಾವೆಲ್ಲ ಕೆಪಿಎಂಇ ಅನ್ನುತ್ತೇವಲ್ಲ, ಅದರ ನೋಂದಣಿ ಮೊದಲೇ ಇದ್ದರೆ ಪ್ರತಿ ಲಗತ್ತಿಸಬೇಕು. ಟ್ರಸ್ಟ್ ಡೀಡು, ಕಟ್ಟಡದ ಬಾಡಿಗೆ ಕರಾರು, ಅಗ್ನಿಶಾಮಕ ಇಲಾಖೆಯ ಪತ್ರ, ಸೂಜಿ-ಸಿರಿಂಜುಗಳ ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಸಿಬ್ಬಂದಿಯ ಸರ್ಟಿಫಿಕೇಟುಗಳು, ಇವೆಲ್ಲ ಒಂದು ಫೈಲಿನಲ್ಲಿ ಕೂರಬೇಕು. ಕಾಯ್ದೆ ಪ್ರಕಾರ ತಾತ್ಕಾಲಿಕ ನೋಂದಣಿಗೆ ಮೊದಲು ವಿಚಾರಣೆ ಬೇಕಿಲ್ಲ. ಅರ್ಜಿ ಸರಿಯಿದ್ದರೆ 10 ದಿನದೊಳಗೆ ಕೊಡಬೇಕು, ಅದು 12 ತಿಂಗಳು ನಡೆಯುತ್ತದೆ. ವಾಸ್ತವದಲ್ಲಿ ಜಾಸ್ತಿ ಸಮಯ ಹಿಡಿಯುವುದು ಒಂದೊಂದು ಪತ್ರ ಒಂದೊಂದು ಕಚೇರಿಯಿಂದ ಬರುವುದಕ್ಕೆ. ಹಾಗಾಗಿ ಎಲ್ಲ ಕೈಗೆ ಬಂದ ಮೇಲೇ ಅರ್ಜಿ ಹಾಕಿ. ಮಧ್ಯೆ ಏನೋ ಒಂದು ಇಲ್ಲ ಅಂತ ಫೈಲು ವಾಪಸ್ ಬಂದರೆ ಮತ್ತೆ ಮೊದಲಿನಿಂದ ಓಡಾಟ.

ಕಾಗದಕ್ಕಿಂತ ಕಷ್ಟ ಜನ ಹೊಂದಿಸುವುದು.

ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರು ಸಿಗುವುದೇ ಕಡಿಮೆ. ಸಿಕ್ಕವರಿಗೆ ಸ್ವಂತ ಕ್ಲಿನಿಕ್ಕಿನ ಒತ್ತಡ. ಹೀಗಾಗಿ ಒಂದು ಕೆಟ್ಟ ರೂಢಿ ಬೆಳೆದಿದೆ. ಡಾಕ್ಟರ ಹೆಸರು, ಮುದ್ರೆ ಮಾತ್ರ ಕೇಂದ್ರದ ಲೆಟರ್‌ಹೆಡ್ಡಿನಲ್ಲಿ, ಡಾಕ್ಟರು ಮಾತ್ರ ಅಲ್ಲಿಗೆ ಬರುವುದೇ ಇಲ್ಲ. ನಮಗೂ ಅಂಥ ಒಂದು ಏರ್ಪಾಟು ಮಾಡಿಕೊಡುತ್ತೇನೆ ಅಂತ ಮಧ್ಯವರ್ತಿಯೊಬ್ಬರು ಬಂದಿದ್ದರು. ಟ್ರಸ್ಟಿನ ಹಿರಿಯರು ಕೂಡಲೇ ಬೇಡ ಅಂದರು. ಅವತ್ತು ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಡಾಕ್ಟರು ಯಾಕೆ ಬೇಕು ಅನ್ನುವುದು ಈ ಕೆಲಸದೊಳಗೆ ಇರುವವರಿಗೆ ಗೊತ್ತು. ದಿನಾ ಕುಡಿಯುವವನು ದಿಢೀರ್ ಅಂತ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬಾಯಿಗೆ ಬಂದಂತೆ ಮಾತು, ಗೋಡೆ ಮೇಲೆ ಹುಳು ಹರಿದಂತೆ ಕಾಣುವುದು, ಜ್ವರ, ಮೈಯೆಲ್ಲ ಬೆವರು ಶುರುವಾಗುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಅನ್ನುವುದು ಇದನ್ನೇ. ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗುವ ಸ್ಥಿತಿ ಇದು. 'ಆಡ್ತಾವ್ನೆ, ಎರಡು ಬಿಟ್ರೆ ಸರಿಹೋಗ್ತಾನೆ' ಅಂತ ಕೂಡಿಹಾಕಿದರೆ ಬೆಳಗ್ಗೆ ಹೆಣ ಹೊರುವ ಪರಿಸ್ಥಿತಿ ಬರಬಹುದು. ಸೊರಗಿ ಬಂದ ಕುಡುಕನಿಗೆ ಥಯಾಮಿನ್ (ಬಿ1 ವಿಟಮಿನ್) ಕೊಡುವ ಮೊದಲೇ ಗ್ಲೂಕೋಸ್ ಬಾಟಲಿ ಏರಿಸಿದರೆ ಮೆದುಳಿಗೇ ಪೆಟ್ಟಾಗಬಹುದು. ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಹಾಕಿ ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಲೀಸು, ಅಲ್ವಾ? ಅದಕ್ಕೇ ರಾತ್ರಿ ಪಾಳಿಗೆ ನರ್ಸ್ ಇರಲೇಬೇಕು ಅಂತ ಹಟ ಹಿಡಿದೆ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಹೋಗಲಿ.

ಕೊನೆಗೆ ಪಕ್ಕದ ತಾಲೂಕಿನಿಂದ ಬರುವ ಮನೋವೈದ್ಯರೊಬ್ಬರು ಒಪ್ಪಿದರು. ವಾರದ ದಿನಗಳನ್ನು ಬರೆದುಕೊಂಡೆವು, ಉಳಿದ ಹೊತ್ತು ಫೋನಿನಲ್ಲಿ ಸಿಗುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐನಲ್ಲಿ ಹೆಸರಿರಬೇಕು. ನಂಬರ್ ಕೇಳಿ ಪಡೆಯಿರಿ, ಪಡೆದ ಮೇಲೆ ಚೆಕ್ ಮಾಡಿ. ಸೈಕಾಲಜಿ ಎಂ.ಎ. ಮಾಡಿದವರೆಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ.

ಇಲ್ಲಿ ಒಂದು ನೋವಿನ ವಿಷಯ ಇತ್ತು. ನಮ್ಮಲ್ಲಿ ಹತ್ತಾರು ವರ್ಷ ದುಡಿದ, ತಾವೇ ಕುಡಿತದಿಂದ ಹೊರಬಂದ ಅಣ್ಣಂದಿರಿಗೆ ಯಾವ ಸರ್ಟಿಫಿಕೇಟೂ ಇಲ್ಲ. ಹೊಸಬ ನಡುಗುತ್ತಾ ಕೂತಾಗ ಪಕ್ಕ ಕೂತು, 'ನಂಗೂ ಹಿಂಗೇ ಆಗಿತ್ತು ಕಣಪ್ಪ' ಅನ್ನುವುದು ಅವರೇ. ನನ್ನ ಡಿಗ್ರಿಗೆ ಆ ಶಕ್ತಿ ಇಲ್ಲ. ಕಾಯ್ದೆ ಪಟ್ಟಿ ಮಾಡುವ ವೃತ್ತಿಪರರಲ್ಲಿ ಅವರು ಬರುವುದಿಲ್ಲ. ಹಾಗಂತ ಅವರನ್ನು ಹೊರಗೆ ಕಳಿಸುವ ಮಾತೇ ಇರಲಿಲ್ಲ. ಅವರನ್ನು ಸಹವರ್ತಿ ಕಾರ್ಯಕರ್ತರು ಅಂತ ಬರೆದು, ಯಾವ ಕೆಲಸ ಅವರದು, ಯಾವುದು ಅಲ್ಲ ಅನ್ನುವುದನ್ನು ಒಂದು ಹಾಳೆಯಲ್ಲಿ ಸ್ಪಷ್ಟ ಮಾಡಿದೆವು. ಮಾತಾಡುವುದು, ಸಭೆ ನಡೆಸುವುದು, ಮನೆಯವರ ಜೊತೆ ಇರುವುದು ಅವರದು. ಮಾತ್ರೆ ಕೊಡುವುದು, ಹಿಡಿದು ಕಟ್ಟುವುದು, ಯಾರು ಒಳಗಿರಬೇಕು ಯಾರು ಹೋಗಬೇಕು ಅಂತ ತೀರ್ಮಾನಿಸುವುದು ಅವರದಲ್ಲ. ಡಯಾಜೆಪಾಮ್, ಬುಪ್ರೆನಾರ್ಫಿನ್‌ನಂಥ ಚಟ ಹಿಡಿಸಬಲ್ಲ ಮಾತ್ರೆಗಳಿಗೆ ಬೀಗದ ಕಪಾಟು, ಬೇರೆ ರಿಜಿಸ್ಟರ್, ಪಾಳಿ ಬದಲಾಗುವಾಗ ಇಬ್ಬರ ಸಹಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನೋಂದಣಿಯಲ್ಲಿ ನಮ್ಮನ್ನು ಅತಿ ಹೆಚ್ಚು ಬದಲಾಯಿಸಿದ್ದು ರೋಗಿಯನ್ನು ಒಳಗೆ ಸೇರಿಸಿಕೊಳ್ಳುವ ರೀತಿ.

ಮನೆಯವರ ಫೋನ್ ಹೀಗಿರುತ್ತದೆ: 'ಸಾರ್, ನೀವೇ ಗಾಡಿ ತಗೊಂಡ್ ಬಂದು ಎತ್ತಾಕ್ಕೊಂಡು ಹೋಗ್ಬಿಡಿ. ಮೂರು ತಿಂಗಳು ಆಚೆ ಬಿಡ್ಬೇಡಿ.' ಆ ಹೆಂಡತಿಯ, ಆ ತಾಯಿಯ ಸಂಕಟ ಸುಳ್ಳಲ್ಲ. ಸಾಲ, ಏಟು, ಮಕ್ಕಳ ಭಯ ಎಲ್ಲ ಆ ಮಾತಿನಲ್ಲಿ ಇರುತ್ತದೆ. ಆದರೂ ರಾತ್ರಿ ನಾಲ್ಕು ಜನ ಹೋಗಿ ಒಬ್ಬ ಮನುಷ್ಯನನ್ನು ಮಲಗಿದ್ದಲ್ಲಿಂದ ಹೊತ್ತು ತರುವುದು ಚಿಕಿತ್ಸೆ ಅಲ್ಲ. ನಾನು ಸೇರುವ ಮೊದಲು ನಮ್ಮ ಕೇಂದ್ರದ ಗಾಡಿಯೂ ಹೀಗೆ ಹೋಗುತ್ತಿತ್ತು. ಅದನ್ನು ನಿಲ್ಲಿಸದೆ ಅರ್ಜಿಗೆ ಸಹಿ ಹಾಕುವುದಿಲ್ಲ ಅಂತ ಹೇಳಿದೆ.

ಕಾಯ್ದೆ ದಾರಿ ತೋರಿಸುತ್ತದೆ. ತನ್ನ ಚಿಕಿತ್ಸೆ ಬಗ್ಗೆ ತಾನೇ ಯೋಚಿಸಿ ಹೇಳಬಲ್ಲವನು ತಾನೇ ಕೇಳಿಕೊಂಡು ಸೇರಬೇಕು. ಇದು 86ನೇ ಸೆಕ್ಷನ್. ಹಾಗೆ ಸೇರಿದವನು ಹೋಗುತ್ತೇನೆ ಅಂದರೆ ಬಿಡಬೇಕು. ತನಗೋ ಬೇರೆಯವರಿಗೋ ಅಪಾಯ ಮಾಡಬಹುದು, ಅಥವಾ ತಾನು ಏನು ತೀರ್ಮಾನ ಮಾಡುತ್ತಿದ್ದೇನೆ ಅಂತ ಅವನಿಗೆ ತಿಳಿಯುತ್ತಿಲ್ಲ ಅನ್ನಿಸಿದರೆ ಪರೀಕ್ಷೆಗಾಗಿ 24 ಗಂಟೆಯವರೆಗೆ ಮಾತ್ರ ಇರಿಸಿಕೊಳ್ಳಬಹುದು. ತೀರಾ ಅಪಾಯದಲ್ಲಿದ್ದು ತೀರ್ಮಾನಿಸುವ ಸ್ಥಿತಿಯಲ್ಲೇ ಇಲ್ಲದವನಿಗೆ 89ನೇ ಸೆಕ್ಷನ್ ಇದೆ. ಅವನ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಅವನ ಪರವಾಗಿ ನಿಲ್ಲಲು ಗೊತ್ತುಮಾಡಿದ ವ್ಯಕ್ತಿ, ಅರ್ಜಿ ಕೊಡಬೇಕು, ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ವೃತ್ತಿಪರ ಅಥವಾ ವೈದ್ಯ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, 30 ದಿನ ಮೀರುವಂತಿಲ್ಲ. ರೋಗಿಗಳ ಹಕ್ಕು ಕಾಯಲು ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ 7 ದಿನದೊಳಗೆ ತಿಳಿಸಬೇಕು, ಹೆಂಗಸರು ಮತ್ತು ಅಪ್ರಾಪ್ತರಾದರೆ 3 ದಿನದೊಳಗೆ. 'ಮನೆಯವರು ದುಡ್ಡು ಕಟ್ಟಿದ್ದಾರೆ' ಅನ್ನುವುದು ಇದರಲ್ಲಿ ಎಲ್ಲೂ ಕಾರಣವಾಗಿ ಬರುವುದಿಲ್ಲ.

ಸಿಬ್ಬಂದಿ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ದೊಡ್ಡ ಗಲಾಟೆ. ಗೇಟು ತೆಗೆದಿಟ್ಟರೆ ಎಲ್ಲರೂ ವೈನ್ ಶಾಪಿಗೆ ಓಡುತ್ತಾರೆ ಅನ್ನುವ ಭಯ. ಕೆಲವರು ಹೋದರು ಕೂಡ. ಆದರೆ ನಾವು ಹೋಗುವವರ ಜೊತೆ ಜಗಳ ಆಡುವುದನ್ನು ಬಿಟ್ಟು ಕೂತು ಮಾತಾಡುವುದನ್ನು ಕಲಿತೆವು. ಹೋಗ್ತೀನಿ ಅಂದವನಿಗೆ ಮೊದಲು ಟೀ, ಆಮೇಲೆ ಡಾಕ್ಟರ ಜೊತೆ ಮಾತು, ಮಾತ್ರೆ ಚೀಟಿ, ಯಾವಾಗ ಬೇಕಾದರೂ ಬರಬಹುದು ಅನ್ನುವ ಭರವಸೆ. ಹೀಗೆ ಹೋದವರಲ್ಲಿ ಹಲವರು ತಾವಾಗೇ ವಾಪಸ್ ಬಂದರು. ಎಳೆದು ತಂದವನಿಗೆ ಮೊದಲ ಎರಡು ವಾರ ಸಿಟ್ಟಿನಲ್ಲೇ ಕಳೆದುಹೋಗುತ್ತಿತ್ತು. ತಾನೇ ನಡೆದು ಬಂದವನ ಜೊತೆ ಕೆಲಸ ಮೂರನೇ ದಿನಕ್ಕೇ ಶುರು ಮಾಡಬಹುದು. ಮನೆಯವರಿಗೂ ಬೇರೆ ಕೆಲಸ ಕೊಟ್ಟೆವು: ಅವನನ್ನು ಕರೆತರುವ ಮೊದಲು ಅವರೇ ಒಮ್ಮೆ ಬಂದು ಮಾತಾಡಿ ಹೋಗಬೇಕು. ಅವನು ಬರದಿದ್ದರೂ ಅವರಿಗೆ ಸಹಾಯ ಸಿಗಬೇಕು.

ಕಾಯ್ದೆಯ 20ನೇ ಸೆಕ್ಷನ್ ಪ್ರತಿ ಕೇಂದ್ರದವರೂ ಓದಬೇಕು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಬೇಕೆಂದರೆ ಅವನ ಬಟ್ಟೆ ಅವನು ಹಾಕಿಕೊಳ್ಳಬಹುದು. ಕೆಲಸಕ್ಕೆ ಬಲವಂತ ಮಾಡುವಂತಿಲ್ಲ, ಮಾಡಿದ ಕೆಲಸಕ್ಕೆ ಕೂಲಿ ಕೊಡಬೇಕು. 'ಶಿಸ್ತಿಗಾಗಿ' ಅಂತ ರೋಗಿಗಳಿಂದಲೇ ಕಕ್ಕಸು ತೊಳೆಸುವ ಪದ್ಧತಿ ಎಷ್ಟು ಕಡೆ ಇದೆ ಅಂತ ನಮಗೆಲ್ಲ ಗೊತ್ತು. ಇದೇ ಕಾಯ್ದೆಯ ಬೇರೆ ಸೆಕ್ಷನ್ನುಗಳ ಪ್ರಕಾರ ಸರಪಳಿ ಹಾಕುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಪೂರ್ತಿ ನಿಷೇಧ.

ಕಾಯಂ ನೋಂದಣಿಗೆ ಅರ್ಜಿ ಹಾಕಿದ ಮೇಲೆ ತಪಾಸಣೆ ತಂಡ ಬಂತು. ನಾವು ಫೈಲುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಕಾಯುತ್ತಿದ್ದೆವು. ತಂಡದಲ್ಲಿದ್ದ ಹಿರಿಯ ಮೇಡಂ ಫೈಲು ಮುಟ್ಟದೆ ನೇರ ಬಚ್ಚಲುಮನೆಗೆ ಹೋದರು. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಹೊರಗಿನಿಂದ ತೆಗೆಯಿರಿ ಅಂದರು. ನರ್ಸ್ ಕೀಲಿಯಿಂದ ತೆಗೆದಳು. ಆಮೇಲೆ ಶವರ್ ಪೈಪ್ ಹಿಡಿದು ಜಗ್ಗಿ ನೋಡಿದರು, ಯಾರಾದರೂ ನೇಣು ಹಾಕಿಕೊಳ್ಳುವಷ್ಟು ಗಟ್ಟಿ ಇದೆಯಾ ಅಂತ. ಅಲ್ಲಿಂದ ವಾರ್ಡಿಗೆ ಬಂದು ಮಂಚದ ಮೇಲಿದ್ದ ಒಬ್ಬ ಹುಡುಗನನ್ನು ಕೇಳಿದರು: 'ಏನಪ್ಪಾ, ಇಲ್ಲಿಂದ ಹೋಗ್ಬೇಕು ಅನ್ನಿಸಿದ್ರೆ ಯಾರಿಗೆ ಹೇಳ್ತೀಯಾ?' ಅವನು ಗೋಡೆ ತೋರಿಸಿದ. ಪರಿಶೀಲನಾ ಮಂಡಳಿಯ ವಿಳಾಸ, ಫೋನ್ ನಂಬರ್ ಅಲ್ಲಿ ದೊಡ್ಡ ಅಕ್ಷರದಲ್ಲಿ ಇತ್ತು. ಅದನ್ನು ಕೇಂದ್ರದೊಳಗೆ ಹಾಕಲೇಬೇಕು ಅಂತ ಕಾಯ್ದೆಯೇ ಹೇಳುತ್ತದೆ. 'ಆಫೀಸಿನ ಫೋನಿಂದ ಮಾಡಬಹುದು ಮೇಡಂ, ಬಿಡ್ತಾರೆ' ಅಂದ. ಮೇಡಂ ಅದನ್ನು ಬರೆದುಕೊಂಡರು. ಫೈಲಿನ ಸರದಿ ಆಮೇಲೆ ಬಂತು.

ಅದಾದ ಮೇಲೆ ನಮ್ಮ ವಿವರಗಳನ್ನು ಆಕ್ಷೇಪಣೆಗಾಗಿ 30 ದಿನ ಸಾರ್ವಜನಿಕರ ಮುಂದೆ ಇಡುತ್ತಾರೆ. ಸರ್ಟಿಫಿಕೇಟ್ ಬಂದ ಮೇಲೂ ಮೂರು ವರ್ಷಕ್ಕೊಮ್ಮೆ ಆಡಿಟ್ ಇದೆ. ಹಾಗಾಗಿ ರಿಜಿಸ್ಟರುಗಳನ್ನು ದಿನಾ ಬರೆಯುವ ಅಭ್ಯಾಸ ಬೇಕು. ಆಡಿಟ್ ಹತ್ತಿರ ಬಂದಾಗ ಕೂತು ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ, ಎಲ್ಲ ಪುಟದಲ್ಲೂ ಒಂದೇ ಪೆನ್ನು, ಒಂದೇ ಕೈ.

ನೋಂದಣಿ ಇದ್ದ ಮಾತ್ರಕ್ಕೆ ಒಂದು ಕೇಂದ್ರ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಇಲ್ಲದ ಕಡೆಗೆ ಮಾತ್ರ ಯಾರನ್ನೂ ಕಳಿಸಬೇಡಿ. ಕೇಂದ್ರ ಹುಡುಕುತ್ತಿರುವ ಮನೆಯವರು ಹೋದ ಕೂಡಲೇ ಗೋಡೆ ಮೇಲೆ ಸರ್ಟಿಫಿಕೇಟ್ ಎಲ್ಲಿದೆ ಅಂತ ಕೇಳಿ, ದಿನಾಂಕ ನೋಡಿ. ರಾತ್ರಿ ನರ್ಸ್ ಯಾರು, ಮನೋವೈದ್ಯರು ಯಾವ ದಿನ ಬರುತ್ತಾರೆ, ನಾವು ವಾರದಲ್ಲಿ ಫೋನ್ ಮಾಡಬಹುದಾ ಅಂತ ಕೇಳಿ. 'ಮೂರು ತಿಂಗಳು ಯಾರೂ ನೋಡೋ ಹಾಗಿಲ್ಲ' ಅಂದರೆ ಎದ್ದು ಬನ್ನಿ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯದಿದ್ದರೆ ವ್ಯಸನಮುಕ್ತಿಗೆ ಇರುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡೂ ಉಚಿತ.