ಒಣಗಿದ ಅಕ್ರಿಲಿಕ್ ಬಣ್ಣವನ್ನು ಬಟ್ಟೆಯಿಂದ ಬಿಡಿಸುವುದು: ನನ್ನ ಅನುಭವ

ಚಿತ್ರ ಬರೆಯುವವರ ಬಟ್ಟೆಗೆ ಬಣ್ಣ ತಾಗದೆ ಇರುತ್ತದೆಯೇ? ಜಲವರ್ಣವಾದರೆ ಒಗೆತಕ್ಕೆ ಹೆಚ್ಚುಕಡಿಮೆ ಹೋಗುತ್ತದೆ. ತೈಲವರ್ಣಕ್ಕೆ ಟರ್ಪೆಂಟೈನ್ ಇದೆ. ಅಕ್ರಿಲಿಕ್ ಮಾತ್ರ ಬೇರೆಯೇ ಜಾತಿ. ಹಸಿಯಿದ್ದಾಗ ನೀರು ಹೇಳಿದಂತೆ ಕೇಳುತ್ತದೆ, ಒಣಗಿತೋ, ನೀರಿಗೆ ಕ್ಯಾರೇ ಅನ್ನುವುದಿಲ್ಲ. ವರ್ಷಗಳಿಂದ ಇದೇ ಬಣ್ಣದಲ್ಲಿ ಕೆಲಸ ಮಾಡುತ್ತಿರುವುದರಿಂದ ನನ್ನವು, ಮನೆಯವರವು ಅಂತ ಸಾಕಷ್ಟು ಬಟ್ಟೆ ಉಳಿಸಿಕೊಂಡಿದ್ದೇನೆ. ಕೆಲವು ಕುಂಚ ಒರೆಸುವ ಅರಿವೆಗಳ ರಾಶಿಗೂ ಸೇರಿವೆ.

ಕಲೆ ಯಾಕೆ ಹೋಗುವುದಿಲ್ಲ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಟ್ಯೂಬಿನೊಳಗೆ ಇರುವುದು ನೀರು, ನೀರಿನಲ್ಲಿ ಹರಡಿಕೊಂಡ ಅಕ್ರಿಲಿಕ್ ಪಾಲಿಮರ್‌ನ ಅತಿ ಸಣ್ಣ ಕಣಗಳು, ಜೊತೆಗೆ ಬಣ್ಣದ ಪುಡಿ. ನೀರು ಆರುತ್ತಾ ಹೋದಂತೆ ಆ ಕಣಗಳು ಒತ್ತೊತ್ತಾಗಿ ಬಂದು ಬೆಸೆದುಕೊಂಡು ಒಂದೇ ಪದರವಾಗುತ್ತವೆ. ಬಿಳಿ ಅಂಟು ಬೆರಳ ಮೇಲೆ ಒಣಗಿ ಸಿಪ್ಪೆಯಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಅಂದರೆ ಒಣಗಿದ ಮೇಲೆ ಬಟ್ಟೆಯಲ್ಲಿ ಉಳಿಯುವುದು ಕೊಳೆಯಲ್ಲ, ಎಳೆಗಳನ್ನು ಸುತ್ತಿಕೊಂಡ ಪ್ಲಾಸ್ಟಿಕ್. ಅದನ್ನು ಸೋಪು ಹಾಕಿ ತಿಕ್ಕಿದರೆ ಸೋಪು ಸವೆಯುತ್ತದೆ, ಬಟ್ಟೆ ಸವೆಯುತ್ತದೆ, ಬಣ್ಣ ಅಲ್ಲೇ ಇರುತ್ತದೆ. ಅದನ್ನು ಮೆತ್ತಗೆ ಮಾಡಬೇಕು, ಆಮೇಲೆ ಕೆರೆದು ತೆಗೆಯಬೇಕು. ನಾನು ಮಾಡುವುದೆಲ್ಲ ಇವೆರಡರ ಸುತ್ತಲೇ.

ಇದೇ ಕಾರಣಕ್ಕೆ ಬಿಸಿ ಕೂಡದು. ಶಾಖ ತಾಗಿದರೆ ಆ ಕಣಗಳು ಇನ್ನೂ ಚೆನ್ನಾಗಿ ಬೆಸೆದುಕೊಳ್ಳುತ್ತವೆ. ಕಲೆ ಪೂರ್ತಿ ಹೋಗುವವರೆಗೆ ಬಿಸಿನೀರು, ಡ್ರೈಯರ್, ಇಸ್ತ್ರಿ ಯಾವುದೂ ಬೇಡ.

ಬಣ್ಣ ಹಸಿಯಿದ್ದರೆ ಹೆಚ್ಚು ಹೇಳುವುದೇನಿಲ್ಲ. ಚಮಚದ ಅಂಚಿನಿಂದ ಹೊರಗಿನಿಂದ ಒಳಕ್ಕೆ ಎತ್ತಿ ತೆಗೆಯುತ್ತೇನೆ. ಒರೆಸಲು ಹೋದರೆ ಹರಡುತ್ತದೆ. ಆಮೇಲೆ ಬಟ್ಟೆಯನ್ನು ತಿರುವಿ, ಕಲೆಯ ಹಿಂಬದಿಗೆ ತಣ್ಣೀರು ಬೀಳುವಂತೆ ನಲ್ಲಿಯ ಕೆಳಗೆ ಹಿಡಿಯುತ್ತೇನೆ. ಆಗ ಬಣ್ಣ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು, ಬೆರಳಲ್ಲಿ ಮೆಲ್ಲಗೆ ಉಜ್ಜುವುದು, ಜಾಲಿಸುವುದು. ನೀರು ತಿಳಿಯಾಗುವವರೆಗೆ ಇಷ್ಟೇ. ತಕ್ಷಣ ತೊಳೆಯಲು ಆಗದಿದ್ದರೆ ಕಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ಒಣಗದಂತೆ ನೋಡಿಕೊಂಡರೂ ಸಾಕು, ಕೆಲಸ ಮುಗಿಸಿ ಬಂದು ತೊಳೆಯಬಹುದು.

ಕಷ್ಟವಿರುವುದು ಒಣಗಿದ್ದರಲ್ಲಿ. ಈಚೆಗೆ ಒಂದು ಹತ್ತಿಯ ಕುರ್ತಾದ ತೋಳಿಗೆ ನೀಲಿ ಬಣ್ಣ ದಪ್ಪಗೆ ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ಒಣಗಿ ಕೂತಿತ್ತು. ಮೊದಲು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿದೆ. ಚಳಿಗೆ ಅಕ್ರಿಲಿಕ್ ಬಿರುಸಾಗುತ್ತದೆ. ಹೊರಗೆ ತೆಗೆದ ಕೂಡಲೇ ಮಡಚಿ ಬಿಚ್ಚಿದರೆ ದಪ್ಪ ಭಾಗ ಚೂರುಚೂರಾಗಿ ಉದುರುತ್ತದೆ. ಉಳಿದದ್ದನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದೆ. ಚಾಕು ಬಳಸುವುದಾದರೆ ಮೊಂಡು ಬದಿ ಮಾತ್ರ. ತೆಳುವಾಗಿ ತಾಗಿದ ಕಲೆಗೆ ಈ ಫ್ರೀಜರ್ ಉಪಚಾರದಿಂದ ಏನೂ ಪ್ರಯೋಜನವಿಲ್ಲ.

ಮುಂದಿನದು ಐಸೊಪ್ರೊಪೈಲ್ ಆಲ್ಕೋಹಾಲ್‌ನ ಕೆಲಸ. ಮೊದಲು ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ, ಬಿಳಿ ಬಟ್ಟೆಯಿಂದ ಒತ್ತಿ ನೋಡುತ್ತೇನೆ. ಬಟ್ಟೆಯ ಸ್ವಂತ ಬಣ್ಣವೇ ಬಿಟ್ಟರೆ ಆ ದಾರಿ ಅಲ್ಲಿಗೆ ನಿಂತಿತು. ಬಿಡದಿದ್ದರೆ, ಕಲೆ ಕೆಳಮುಖವಾಗುವಂತೆ ಬಟ್ಟೆಯನ್ನು ಬಿಳಿ ಅರಿವೆಯ ಮೇಲೆ ಹರವಿ, ಹಿಂಬದಿಯಿಂದ ಚೆನ್ನಾಗಿ ನೆನೆಸುತ್ತೇನೆ. ಆಲ್ಕೋಹಾಲ್ ಹಾಕಿದ ಕೂಡಲೇ ತಿಕ್ಕಲು ಶುರುಮಾಡುವವರೇ ಹೆಚ್ಚು. ಅದು ಬೇಗ ಆರಿಹೋಗುವ ದ್ರವ, ಪದರ ಮೆತ್ತಗಾಗಲು ಸಮಯ ಬೇಕು. ಮೇಲೊಂದು ಪಾಲಿಥೀನ್ ಹಾಳೆ ಮುಚ್ಚಿ 5ರಿಂದ 10 ನಿಮಿಷ ಬಿಟ್ಟರೆ ಬಣ್ಣ ಅಂಟಂಟಾಗಿ ಎದ್ದುಬರುತ್ತದೆ. ಆಗ ಹಳೆಯ ಟೂತ್‌ಬ್ರಷ್ ತಗೊಂಡು ನೂಲಿನ ಜಾಡಿನಲ್ಲೇ, ಮೊದಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ, ಸಣ್ಣಸಣ್ಣಗೆ ಉಜ್ಜಬೇಕು. ಗುಂಡಗೆ ತಿರುಗಿಸಿ ಉಜ್ಜಿದರೆ ಬಟ್ಟೆಯ ಮೈಯಲ್ಲಿ ನವಿರೆದ್ದು, ಕಲೆ ಹೋದರೂ ಜಾಗ ಗುರುತಾಗಿ ಉಳಿಯುತ್ತದೆ.

ಕೆಳಗಿನ ಅರಿವೆಯನ್ನು ಆಗಾಗ ಸರಿಸಿ ಶುಭ್ರವಾದ ಭಾಗ ಕೊಡಬೇಕು, ಇಲ್ಲವಾದರೆ ಬಿಟ್ಟ ಬಣ್ಣ ಮತ್ತೆ ಅದೇ ಬಟ್ಟೆಗೆ ಹತ್ತುತ್ತದೆ. ಆಲ್ಕೋಹಾಲ್ ಪೂರ್ತಿ ಆರುವ ಮೊದಲೇ ಸೋಪು ಹಚ್ಚಿ ತಣ್ಣೀರಲ್ಲಿ ಜಾಲಿಸಬೇಕು. ಆರಲು ಬಿಟ್ಟರೆ ಸಡಿಲಗೊಂಡ ಪಾಲಿಮರ್ ಇನ್ನೊಮ್ಮೆ ಅಲ್ಲೇ ಪದರವಾಗಿ ಕೂರುತ್ತದೆ. ಒಂದೇ ಸುತ್ತಿಗೆ ಹೋಗುವ ಕಲೆ ಅಪರೂಪ. ನೆನೆಸು, ಉಜ್ಜು, ಜಾಲಿಸು, ಮತ್ತೆ ನೆನೆಸು. ಬೇಸರದ ಕೆಲಸವೇ ಸರಿ.

ಐಸೊಪ್ರೊಪೈಲ್ ಕೈಗೆ ಸಿಗದಾಗ ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಬಳಸಿದ್ದೇನೆ. ಅದರಲ್ಲೂ ಇರುವುದು ಆಲ್ಕೋಹಾಲೇ. ಜೆಲ್ ಆದ್ದರಿಂದ ಹರಿದುಹೋಗದೆ ಕಲೆಯ ಮೇಲೇ ನಿಲ್ಲುತ್ತದೆ. ಸಣ್ಣ ಚುಕ್ಕೆಗಳಿಗೆ ನನಗೆ ಅದೇ ಇಷ್ಟ. ವಿನೆಗರ್‌ಗೆ ಒಣಗಿದ ಅಕ್ರಿಲಿಕ್ ಜಗ್ಗಿದ್ದನ್ನು ನಾನಂತೂ ನೋಡಿಲ್ಲ.

ಅಸಿಟೋನ್ ಇನ್ನೂ ಜೋರು. ಹಲವು ನೇಲ್ ಪಾಲಿಶ್ ರಿಮೂವರ್‌ಗಳಲ್ಲಿ ಇರುವುದು ಅದೇ. ಆದರೆ ಬಟ್ಟೆಯ ಲೇಬಲ್ ಓದದೆ ಅದನ್ನು ಮುಟ್ಟಬಾರದು. ಅಸಿಟೇಟ್ ಎಳೆಗಳನ್ನು ಅಸಿಟೋನ್ ಕರಗಿಸಿಯೇ ಬಿಡುತ್ತದೆ, ಟ್ರೈಅಸಿಟೇಟ್ ಎಳೆಗಳನ್ನೂ ಕೆಡಿಸುತ್ತದೆ. ಅಸಿಟೇಟ್ ಆದರೆ ಕಲೆಯಿದ್ದ ಕಡೆ ತೂತೇ ಆಗಬಹುದು. ಕೋಟುಗಳ ಒಳಪದರಕ್ಕೆ ಅಸಿಟೇಟ್ ಬಳಸುವುದುಂಟು, ಹಾಗಾಗಿ ಹೊರಗಿನ ಬಟ್ಟೆ ಯಾವುದು ಅಂತ ನೋಡಿದರಷ್ಟೇ ಸಾಲದು. ಪ್ಲಾಸ್ಟಿಕ್ ಗುಂಡಿ, ಚಮಕಿ, ಟೀ ಶರ್ಟ್ ಮೇಲಿನ ಪ್ರಿಂಟ್ ಇವೂ ಕೆಡಬಹುದು. ಆಲ್ಕೋಹಾಲ್‌ನಿಂದ ಮುಕ್ಕಾಲು ಹೋಗಿ ಹಟ ಹಿಡಿದ ಉಳಿಕೆಗೆ, ಅದೂ ಹತ್ತಿ ಬಟ್ಟೆಯಾದರೆ ಮಾತ್ರ, ಇಯರ್‌ಬಡ್ ಅನ್ನು ಅಸಿಟೋನ್‌ನಲ್ಲಿ ಅದ್ದಿ ಒತ್ತುತ್ತೇನೆ.

ರೇಷ್ಮೆ, ಉಣ್ಣೆಯ ತಂಟೆಗೆ ನಾನು ಹೋಗುವುದಿಲ್ಲ. ಉಜ್ಜಿದರೆ ರೇಷ್ಮೆಯ ಹೊಳಪು ಹೋಗುತ್ತದೆ, ಉಣ್ಣೆ ಮುದ್ದೆಗಟ್ಟುತ್ತದೆ. ಅವನ್ನು ಡ್ರೈಕ್ಲೀನರ್‌ಗೆ ಕೊಟ್ಟು, ತಾಗಿದ್ದು ಅಕ್ರಿಲಿಕ್, ಒಣಗಿದೆ ಅಂತ ಬಾಯಿಬಿಟ್ಟು ಹೇಳುವುದು ವಾಸಿ. ಬರೀ 'ಪೇಂಟ್' ಅಂದರೆ ಅವರಿಗೆ ಯಾವ ಪೇಂಟ್ ಅಂತ ಹೇಗೆ ಗೊತ್ತಾಗಬೇಕು? ಫ್ಯಾಬ್ರಿಕ್ ಮೀಡಿಯಂ ಅನ್ನುವ ದ್ರವ ಬೆರೆಸಿ ಇಸ್ತ್ರಿ ಮಾಡಿ ಕೂರಿಸಿದ ಬಣ್ಣವನ್ನು ತೆಗೆಯಲು ಹೋಗುವುದೂ ವ್ಯರ್ಥ. ಬಟ್ಟೆಯ ಮೇಲೆ ನಿಲ್ಲಲಿ ಅಂತಲೇ ಮಾಡಿದ್ದು ಅದು.

ಯಾವ ಬಣ್ಣ ಅನ್ನುವುದೂ ಮುಖ್ಯ. ಟೈಟಾನಿಯಂ ವೈಟ್ ಅಷ್ಟು ಸತಾಯಿಸುವುದಿಲ್ಲ, ಪದರ ಎದ್ದರೆ ಅದೂ ಜೊತೆಗೇ ಹೋಗುತ್ತದೆ. ಥಾಲೋ ನೀಲಿ, ಥಾಲೋ ಹಸಿರು ಇವೆಯಲ್ಲ, ಅವುಗಳ ಪುಡಿ ಬಹಳ ನುಣುಪು, ಬಣ್ಣದ ತಾಕತ್ತೂ ಜಾಸ್ತಿ. ಪದರ ಪೂರ್ತಿ ಹೋದ ಮೇಲೂ ಎಳೆಗಳ ನಡುವೆ ಒಂದು ಛಾಯೆ ಉಳಿಯುತ್ತದೆ. ನನ್ನ ಕುರ್ತಾದಲ್ಲೂ ಉಳಿದಿದೆ, ಗೊತ್ತಿದ್ದು ಹುಡುಕಿದರೆ ಕಾಣುತ್ತದೆ. ಅದಕ್ಕೆ ಬ್ಲೀಚ್ ಸುರಿಯೋಣ ಅನಿಸುವುದು ಸಹಜ. ಪ್ರಯೋಜನವಿಲ್ಲ. ಟೈಟಾನಿಯಂ ವೈಟ್, ಐರನ್ ಆಕ್ಸೈಡ್‌ನ ಕೆಮ್ಮಣ್ಣು ಬಣ್ಣಗಳು, ಕಾರ್ಬನ್ ಕಪ್ಪು ಇವು ಬ್ಲೀಚ್‌ಗೆ ಜಗ್ಗುವುದಿಲ್ಲ. ಸುತ್ತಲಿನ ಬಟ್ಟೆ ಬೆಳ್ಳಗಾಗಿ ಕಲೆ ಇನ್ನಷ್ಟು ಎದ್ದು ಕಾಣುತ್ತದೆ. ಅದಕ್ಕಿಂತ ದೊಡ್ಡ ಮಾತು: ಕ್ಲೋರಿನ್ ಬ್ಲೀಚ್ ಆಲ್ಕೋಹಾಲ್ ಜೊತೆಗೋ ಅಸಿಟೋನ್ ಜೊತೆಗೋ ಸೇರಿದರೆ ಕ್ಲೋರೊಫಾರ್ಮ್‌ನಂಥ ವಿಷವಸ್ತುಗಳು ಹುಟ್ಟುತ್ತವೆ, ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನಿಲ. ಒಂದೇ ಬಟ್ಟೆಯ ಮೇಲೆ ಇವನ್ನು ಒಂದಾದ ಮೇಲೊಂದು ಪ್ರಯೋಗಿಸಲೇಬಾರದು.

ಆಲ್ಕೋಹಾಲ್, ಅಸಿಟೋನ್ ಎರಡೂ ಬೇಗ ಬೆಂಕಿ ಹತ್ತುವಂಥವು. ಕಿಟಕಿ ತೆರೆದು, ಒಲೆ, ದೀಪ ಯಾವುದೂ ಹತ್ತಿರವಿಲ್ಲದ ಕಡೆ ಕೂರುತ್ತೇನೆ. ಬಳಸಿದ ಅರಿವೆಗಳನ್ನು ಉಂಡೆ ಮಾಡಿ ಬುಟ್ಟಿಗೆ ಎಸೆಯದೆ ಬಯಲಲ್ಲಿ ಹರವಿ ಆರಿಸುತ್ತೇನೆ. ಬಟ್ಟೆಯನ್ನು ಕೈಯಲ್ಲೇ ಚೆನ್ನಾಗಿ ಜಾಲಿಸಿ, ಘಾಟು ಪೂರ್ತಿ ಹೋದ ಮೇಲೆ ವಾಷಿಂಗ್ ಮಷೀನಿಗೆ. ಒದ್ದೆಯಲ್ಲಿ ಕಲೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ನೆರಳಲ್ಲಿ ಒಣಗಿಸಿ ಹಗಲು ಬೆಳಕಲ್ಲಿ ನೋಡಿಯೇ ಇಸ್ತ್ರಿಗೆ ಕೊಡುವುದು. ಇನ್ನೂ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಪದರ ಉಳಿದಿದೆ ಎಂದರ್ಥ, ಮತ್ತೊಂದು ಸುತ್ತು ಆಲ್ಕೋಹಾಲ್. ಬೆರಳಿಗೆ ಏನೂ ತಾಗದೆ ಬರೀ ಛಾಯೆಯಷ್ಟೇ ಇದ್ದರೆ ಅಲ್ಲಿಗೆ ಬಿಡುತ್ತೇನೆ.